ಕಬ್ಬಿನ ಸೀಮೆಯಲ್ಲಿ ಕೆಲಸ ಕೊಡುವವರು ಯಾರು?

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶ ಬಂದ ಕೂಡಲೇ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮನೆ ಮನೆಯಲ್ಲೂ ಒಂದೇ ಮಾತು. ಮಗನನ್ನು ಮುಂದೆ ಎಲ್ಲಿಗೆ ಕಳಿಸುವುದು? ಮಗಳು ಏನು ಓದಿದರೆ ಒಳ್ಳೆಯದು? ಬೆಳಗಾವಿ, ಹುಬ್ಬಳ್ಳಿ, ಪುಣೆ, ಬೆಂಗಳೂರು ಎಂದು ಊರುಗಳ ಹೆಸರು ಒಂದೊಂದಾಗಿ ಬರುತ್ತವೆ. ಆದರೆ ತಮ್ಮ ಊರಿನ ಸುತ್ತಲಿನ ಹತ್ತಿಪ್ಪತ್ತು ಮೈಲಿಯಲ್ಲಿ ಯಾವ ಕಾರ್ಖಾನೆಗಳಿವೆ, ಅಲ್ಲಿ ಯಾವ ಓದಿದವರಿಗೆ ಕೆಲಸವಿದೆ, ಆ ಕೆಲಸ ಎಷ್ಟು ಭದ್ರ ಎಂದು ಕೇಳುವವರು ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಉದ್ಯೋಗದ ವಿಷಯದಲ್ಲೂ ನಿಜವಾಗಿಬಿಟ್ಟಿದೆ.

ಹಾಗೆ ನೋಡಿದರೆ ಕೈಗಾರಿಕೆ ಈ ಭಾಗಕ್ಕೆ ಹೊಸದೇನೂ ಅಲ್ಲ. ರಾಜ್ಯದ ಬಹುಪಾಲು ಊರುಗಳು ಯಂತ್ರದ ಸದ್ದನ್ನೇ ಕೇಳದಿದ್ದ ಕಾಲದಲ್ಲಿ ಇಲ್ಲಿ ಪಾಳಿಯ ಭೋಂಗಾ ಕೂಗುತ್ತಿತ್ತು. ನೂಲಿನಿಂದ ಸಕ್ಕರೆಗೆ, ಸಕ್ಕರೆಯಿಂದ ವಿದ್ಯುತ್ತಿಗೆ, ಔಷಧಕ್ಕೆ, ಕರದಂಟಿಗೆ ಹರಡಿರುವ ಈ ಉದ್ಯಮಗಳ ಕಥೆಯನ್ನು ವಿದ್ಯಾರ್ಥಿಗಳೂ ಪಾಲಕರೂ ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಇದರಲ್ಲಿ ಅವಕಾಶವೂ ಇದೆ, ಎಚ್ಚರಿಕೆಯೂ ಇದೆ.

ಜಲಪಾತದ ನೆತ್ತಿಯ ಗಿರಣಿ

ಗೋಕಾಕದ ಹತ್ತಿರ ಘಟಪ್ರಭಾ ನದಿ ಸುಮಾರು 52 ಮೀಟರ್, ಅಂದರೆ 170 ಅಡಿ, ಆಳಕ್ಕೆ ಧುಮುಕುತ್ತದೆ. ಪ್ರವಾಸಿಗರಿಗೆ ಅದು ನೋಡುವ ನೋಟ. ಆದರೆ 19ನೇ ಶತಮಾನದ ವ್ಯಾಪಾರಿಗಳ ಕಣ್ಣಿಗೆ ಅದು ಪುಕ್ಕಟೆ ಸಿಗುವ ಶಕ್ತಿಯಾಗಿ ಕಂಡಿತು. 1885ರಲ್ಲಿ ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಸ್ಥಾಪನೆಯಾಯಿತು. ಮುಂಬಯಿಯ ಫೋರ್ಬ್ಸ್ ಸಂಸ್ಥೆಯ ಆಡಳಿತದಲ್ಲಿ ಜಲಪಾತದ ಪಕ್ಕದಲ್ಲೇ ನೂಲಿನ ಗಿರಣಿ ಎದ್ದು ನಿಂತಿತು. 1887ರಲ್ಲೇ ಇಲ್ಲಿ ನೀರಿನಿಂದ ವಿದ್ಯುತ್ ಉತ್ಪಾದನೆಯಾಯಿತೆಂದು ಜಿಲ್ಲೆಯ ಚರಿತ್ರೆ ಹೇಳಿಕೊಳ್ಳುತ್ತದೆ. ಶಿವನಸಮುದ್ರದ ಪ್ರಸಿದ್ಧ ವಿದ್ಯುದಾಗಾರ ಆರಂಭವಾದದ್ದು 1902ರಲ್ಲಿ ಎಂಬುದನ್ನು ನೆನೆದರೆ ಗೋಕಾಕದ ಈ ಸಾಹಸ ಎಷ್ಟು ಮುಂಚಿನದೆಂಬುದು ತಿಳಿಯುತ್ತದೆ.

ಗಿರಣಿ ಅಲ್ಲಿಗೇ ಬರಲು ಮೂರು ಕಾರಣಗಳಿದ್ದವು. ಕಲ್ಲಿದ್ದಲು ಸುಡದೆ ಚಕ್ರ ತಿರುಗಿಸುವ ನೀರು; ಸುತ್ತಲಿನ ಕಪ್ಪು ನೆಲದಲ್ಲಿ ಬೆಳೆಯುವ ಹತ್ತಿ; ಮತ್ತು 1880ರ ದಶಕದಲ್ಲಿ ಈ ಭಾಗಕ್ಕೆ ಬಂದ ಸದರ್ನ್ ಮರಾಠಾ ರೈಲ್ವೆ. ಇಂದಿಗೂ ಗೋಕಾಕ ರೋಡ್ ಮತ್ತು ಘಟಪ್ರಭಾ ನಿಲ್ದಾಣಗಳು ಮಿರಜ-ಲೋಂಡಾ ಮಾರ್ಗದಲ್ಲೇ ಇವೆ. ಶಕ್ತಿ, ಕಚ್ಚಾಮಾಲು, ಸಾಗಣೆ ಈ ಮೂರೂ ಒಂದೆಡೆ ಸೇರಿದಲ್ಲಿ ಉದ್ಯಮ ಬೇರು ಬಿಡುತ್ತದೆ ಎಂಬ ಅರ್ಥಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ವಿದ್ಯಾರ್ಥಿಗಳಿಗೆ ಸಿಗಲಾರದು.

ಗಿರಣಿಯ ಜೊತೆಗೆ ಒಂದು ಊರೇ ಹುಟ್ಟಿತು. ಗೋಕಾಕ ಫಾಲ್ಸ್ ಎಂದರೆ ಕಾರ್ಮಿಕರ ಚಾಳುಗಳು, ಶಾಲೆ, ದವಾಖಾನೆ, ಅಂಗಡಿಗಳು. ಪಕ್ಕದ ಕೊಣ್ಣೂರು ಬೆಳೆದದ್ದೂ ಈ ನೆರಳಿನಲ್ಲೇ. ತಂದೆ, ಮಗ, ಮೊಮ್ಮಗ ಒಂದೇ ಗೇಟಿನಲ್ಲಿ ಕೆಲಸಕ್ಕೆ ಹೋದ ಮನೆತನಗಳು ಅಲ್ಲಿ ಅಪರೂಪವಲ್ಲ. ತಿಂಗಳಿಗೊಮ್ಮೆ ತಪ್ಪದೆ ಬರುವ ಪಗಾರ ಮಳೆಯನ್ನೇ ನಂಬಿದ್ದ ಸೀಮೆಯಲ್ಲಿ ಸಣ್ಣ ಮಾತಾಗಿರಲಿಲ್ಲ. ಆ ಪಗಾರದಿಂದಲೇ ಎಷ್ಟೋ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು.

ಮುಂದೆ ಗಿರಣಿಯ ಒಡೆತನ ಬದಲಾಗಿ ಅದು ಶಾಪೂರ್ಜಿ ಪಲ್ಲೋಂಜಿ ಸಮೂಹದ ಕೈಗೆ ಬಂತು. ಗೋಕಾಕ ಟೆಕ್ಸ್‌ಟೈಲ್ಸ್ ಎಂಬ ಹೆಸರಾಯಿತು. ಆದರೆ ನೂಲಿನ ಉದ್ಯಮದ ರೀತಿಯೇ ಈ ನಡುವೆ ಬದಲಾಗಿದೆ. ಹೊಸ ಯಂತ್ರಗಳು ಕಡಿಮೆ ಕೈಗಳಿಂದ ಹೆಚ್ಚು ನೂಲು ತೆಗೆಯುತ್ತವೆ. ಹತ್ತಿಯ ಬೆಲೆ ಏರಿಳಿದಂತೆ ಲಾಭ ನಷ್ಟಗಳೂ ಏರಿಳಿಯುತ್ತವೆ. ಅಪ್ಪನ ಜಾಗಕ್ಕೆ ಮಗ ಎಂಬ ಕಾಲ ಹೋಯಿತು. ಒಂದೇ ಕಾರ್ಖಾನೆಯನ್ನು ನಂಬಿದ ಊರಿಗೆ ಆ ಕಾರ್ಖಾನೆ ಸೀನಿದರೂ ನೆಗಡಿಯಾಗುತ್ತದೆ. ಇದು ಗೋಕಾಕ ಫಾಲ್ಸ್ ಕಲಿಸುವ ಮೊದಲ ಪಾಠ.

ನೀರು ಬಂತು, ಕಬ್ಬು ಬಂತು

ಧೂಪದಾಳದ ಒಡ್ಡು ಮತ್ತು ಅಲ್ಲಿಂದ ಹೊರಟ ಕಾಲುವೆ ಬ್ರಿಟಿಷರ ಕಾಲದ್ದು. ಆದರೆ ಈ ಸೀಮೆಯ ಮುಖ ಬದಲಿಸಿದ್ದು ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು. ವಂಟಮುರಿಯ ದಾನಿ ರಾಜಾ ಲಖಮಗೌಡರ ಹೆಸರು ಹೊತ್ತ ಈ ಜಲಾಶಯದಲ್ಲಿ ಸುಮಾರು 51 ಟಿಎಂಸಿ ನೀರು ನಿಲ್ಲುತ್ತದೆ. ಘಟಪ್ರಭೆಯ ಕಾಲುವೆಗಳು ಹರಿದಲ್ಲೆಲ್ಲ ಜೋಳ, ಹತ್ತಿ, ಶೇಂಗಾ ಬೆಳೆಯುತ್ತಿದ್ದ ಹೊಲಗಳು ಕಬ್ಬಿನ ಗದ್ದೆಗಳಾದವು.

ಕಬ್ಬು ಕಡಿದ ಮೇಲೆ ಕಾಯುವುದಿಲ್ಲ. ದಿನ ಕಳೆದಂತೆ ಅದರಲ್ಲಿನ ಸಕ್ಕರೆ ಅಂಶ ಇಳಿಯುತ್ತದೆ, ತೂಕವೂ ಕರಗುತ್ತದೆ. ಹೀಗಾಗಿ ಕಬ್ಬು ಇದ್ದಲ್ಲಿಗೇ ಕಾರ್ಖಾನೆ ಬರಬೇಕು. ಹತ್ತಿಯನ್ನಾದರೆ ರೈಲಿನಲ್ಲಿ ಮುಂಬಯಿಗೆ ಕಳಿಸಬಹುದು, ಕಬ್ಬನ್ನು ಕಳಿಸಲಾಗದು. ಇದೇ ಕಾರಣಕ್ಕೆ ಈ ಮೂರು ತಾಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ, ಗೋಕಾಕ ಭಾಗದಲ್ಲಿ ಘಟಪ್ರಭಾ ಸಹಕಾರಿ ಕಾರ್ಖಾನೆ, ಹುಣಶ್ಯಾಳ ಪಿ.ಜಿ.ಯಲ್ಲಿ ಸತೀಶ ಶುಗರ್ಸ್, ಬೆಲ್ಲದ ಬಾಗೇವಾಡಿಯಲ್ಲಿ ವಿಶ್ವರಾಜ್ ಶುಗರ್ಸ್. ಕೊನೆಯದು 2019ರಲ್ಲಿ ಷೇರುಪೇಟೆಗೂ ಕಾಲಿಟ್ಟಿತು. ಹೆಸರಿನಲ್ಲೇ ಬೆಲ್ಲವಿರುವ ಊರಿನ ಕಾರ್ಖಾನೆಯ ಷೇರು ಮುಂಬಯಿಯಲ್ಲಿ ಮಾರಾಟವಾಗುವ ಕಾಲ ಬಂತು.

ಒಂದು ಟನ್ ಕಬ್ಬಿನ ಲೆಕ್ಕ

ಸಕ್ಕರೆ ಕಾರ್ಖಾನೆ ಎಂದರೆ ಸಕ್ಕರೆ ಮಾತ್ರ ಎಂಬ ಕಲ್ಪನೆ ಹಳೆಯದಾಯಿತು. ಒಂದು ಟನ್ ಕಬ್ಬು ನುರಿಸಿದರೆ ಸುಮಾರು 100ರಿಂದ 115 ಕಿಲೋ ಸಕ್ಕರೆ, ಸುಮಾರು 280ರಿಂದ 300 ಕಿಲೋ ಸಿಪ್ಪೆ ಅಂದರೆ ಬಗ್ಯಾಸ್, 40 ಕಿಲೋಗಿಂತ ತುಸು ಹೆಚ್ಚು ಕಾಕಂಬಿ, 30-40 ಕಿಲೋ ಪ್ರೆಸ್‌ಮಡ್ ಎಂಬ ಮಡ್ಡಿ ದೊರೆಯುತ್ತವೆ. ಬಗ್ಯಾಸ್ ಬಾಯ್ಲರಿನಲ್ಲಿ ಉರಿದು ವಿದ್ಯುತ್ತಾಗುತ್ತದೆ. ಕಾಕಂಬಿಯಿಂದ ಮದ್ಯಸಾರ ಮತ್ತು ಎಥೆನಾಲ್ ತೆಗೆಯುತ್ತಾರೆ. ಮಡ್ಡಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿದ ಮೇಲೆ ಈ ಉಪ ಉತ್ಪನ್ನಗಳೇ ಕಾರ್ಖಾನೆಗಳ ಮುಖ್ಯ ಆದಾಯದ ಸಾಲಿಗೆ ಬಂದಿವೆ.

ಈ ಲೆಕ್ಕದಲ್ಲೇ ಉದ್ಯೋಗದ ಲೆಕ್ಕವೂ ಅಡಗಿದೆ. ಬಾಯ್ಲರ್ ಮತ್ತು ಟರ್ಬೈನ್ ನಡೆಸಲು ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಓದಿದವರು ಬೇಕು. ರಸದ ಪರೀಕ್ಷೆಗೆ ರಸಾಯನಶಾಸ್ತ್ರ ಓದಿದ ಕೆಮಿಸ್ಟ್ ಬೇಕು. ಡಿಸ್ಟಿಲರಿಗೆ ಹುದುಗುವಿಕೆಯ ವಿಜ್ಞಾನ ಬಲ್ಲವರು ಬೇಕು. ನೀರು ಶುದ್ಧೀಕರಣ ಘಟಕಕ್ಕೆ ಪರಿಸರ ವಿಜ್ಞಾನ ಗೊತ್ತಿರಬೇಕು. ರೈತರ ಹೊಲಕ್ಕೆ ಹೋಗಿ ನಾಟಿ ದಿನಾಂಕ, ತಳಿ, ಎಕರೆ ಬರೆದು ತರಲು ಕೃಷಿ ಬಲ್ಲ ಕ್ಷೇತ್ರ ಸಹಾಯಕರು ಬೇಕು. ತೂಕದ ಕಾಟಾ, ಉಗ್ರಾಣ, ಲೆಕ್ಕಪತ್ರ ವಿಭಾಗಗಳಲ್ಲಿ ಬಿ.ಕಾಂ. ಆದವರಿಗೂ ಕಂಪ್ಯೂಟರ್ ಬಲ್ಲವರಿಗೂ ಸ್ಥಾನವಿದೆ.

ಒಬ್ಬ ಕೆಮಿಸ್ಟಿನ ಕೆಲಸ ಎಷ್ಟು ಬೆಲೆಯದು ಎಂಬುದಕ್ಕೆ ಒಂದು ಸಣ್ಣ ಗಣಿತ ಸಾಕು. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಒಂದು ಕಾರ್ಖಾನೆಯಲ್ಲಿ ಸಕ್ಕರೆ ಇಳುವರಿ ಶೇ. 10.25ರ ಬದಲು ಶೇ. 11.25 ಆಯಿತೆನ್ನಿ. ಟನ್ನಿಗೆ 10 ಕಿಲೋ ಹೆಚ್ಚು. ದಿನಕ್ಕೆ 50 ಟನ್ ಸಕ್ಕರೆ ಹೆಚ್ಚು! ಒಳ್ಳೆಯ ತಳಿ, ಸರಿಯಾದ ವಯಸ್ಸಿನಲ್ಲಿ ಕಟಾವು, ತಡವಿಲ್ಲದ ಸಾಗಣೆ, ರಸ ಪೋಲಾಗದಂಥ ಯಂತ್ರ ನಿರ್ವಹಣೆ ಇವೆಲ್ಲ ಸೇರಿ ಆ ಒಂದು ಅಂಶ ಬರುತ್ತದೆ. ಓದಿಗೆ ಇಂಥ ಕಡೆ ನಿಜವಾದ ಬೆಲೆ ಇದೆ.

ಹುಕ್ಕೇರಿಯ ಸಹಕಾರದ ದಾರಿ

ಹುಕ್ಕೇರಿ ತಾಲೂಕಿನದು ಇನ್ನೊಂದು ಬಗೆಯ ಕಥೆ. ಇಲ್ಲಿ ದೊಡ್ಡ ಉದ್ಯೋಗದಾತರಲ್ಲಿ ಕೆಲವರು ಸ್ವತಃ ಜನರೇ. 1969ರಲ್ಲಿ ದೇಶದಲ್ಲಿ ಪ್ರಯೋಗಾರ್ಥವಾಗಿ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳು ರೂಪುಗೊಂಡವು. ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ ಪ್ರವರಾ, ಆಂಧ್ರದಲ್ಲಿದ್ದು ಈಗ ತೆಲಂಗಾಣಕ್ಕೆ ಸೇರಿದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. ವಿದ್ಯುತ್ತನ್ನು ಸಗಟಾಗಿ ಕೊಂಡು, ತನ್ನದೇ ಕಂಬ ತಂತಿಗಳ ಮೂಲಕ ಹಳ್ಳಿಗಳಿಗೆ ಹಂಚಿ, ತಾನೇ ಬಿಲ್ಲು ವಸೂಲಿ ಮಾಡುವ ಸಂಘ ಇದು. ಕರ್ನಾಟಕದಲ್ಲಿ ಈ ಬಗೆಯ ಸಂಸ್ಥೆ ಇದೊಂದೇ. ಲೈನ್‌ಮನ್‌ನಿಂದ ಹಿಡಿದು ಲೆಕ್ಕಿಗನ ತನಕ ಇಲ್ಲಿನ ನೌಕರರು ಸದಸ್ಯ ಗ್ರಾಹಕರಿಗೆ ಉತ್ತರದಾಯಿಗಳು. ಈ ಸಂಘದ ಮಾತು ಬಂದಾಗ, ಹಿರಣ್ಯಕೇಶಿ ಕಾರ್ಖಾನೆಯ ಮಾತು ಬಂದಾಗ, ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಹೆಸರನ್ನು ತಾಲೂಕಿನ ಜನ ಮೊದಲು ನೆನೆಯುತ್ತಾರೆ.

ಪಂಪ್‌ಸೆಟ್ಟಿಗೆ ಕರೆಂಟು ಬಂದದ್ದರಿಂದ ಕಬ್ಬು ಹೆಚ್ಚಿತು. ಕಬ್ಬು ಹೆಚ್ಚಿದ್ದರಿಂದ ಕಾರ್ಖಾನೆ ಬೆಳೆಯಿತು. ಕಾರ್ಖಾನೆ ಬೆಳೆದದ್ದರಿಂದ ಶಿಕ್ಷಣ ಸಂಸ್ಥೆ ಬಂತು. 1996ರಲ್ಲಿ ನಿಡಸೋಸಿಯಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜಿಗೆ ಹಿರಾಶುಗರ್ ಎಂಬ ಹೆಸರೇ ಇದೆ. ಹಳ್ಳಿಯೊಂದರ ತಾಂತ್ರಿಕ ಕಾಲೇಜು ಸಕ್ಕರೆಯ ಹೆಸರು ಹೊತ್ತಿರುವುದು ಈ ಸೀಮೆಯಲ್ಲಿ ಹೊಲಕ್ಕೂ ಪುಸ್ತಕಕ್ಕೂ ಇರುವ ನಂಟನ್ನು ತಾನಾಗಿ ಹೇಳುತ್ತದೆ.

ಇದೇ ತಾಲೂಕಿನ ಕಣಗಲಾದಲ್ಲಿ ಕೇಂದ್ರ ಸರಕಾರದ ಹಿಂದುಸ್ತಾನ್ ಲೇಟೆಕ್ಸ್ ತನ್ನ ಕಾರ್ಖಾನೆಯನ್ನು 1985ರಲ್ಲಿ ತೆರೆಯಿತು. ಇಂದು ಎಚ್‌ಎಲ್‌ಎಲ್ ಲೈಫ್‌ಕೇರ್ ಎನಿಸಿಕೊಂಡಿರುವ ಈ ಸಂಸ್ಥೆ ಕುಟುಂಬ ಕಲ್ಯಾಣ ಯೋಜನೆಗೆ ಬೇಕಾದ ಸಾಧನಗಳನ್ನೂ ಮಾತ್ರೆಗಳನ್ನೂ ತಯಾರಿಸುತ್ತ ಬಂದಿದೆ. ಪುಣೆ-ಬೆಂಗಳೂರು ಹೆದ್ದಾರಿ ಹಾದು ಹೋಗುವುದು ಇಲ್ಲಿ ಅನುಕೂಲವಾಯಿತು. ಬಿ.ಎಸ್ಸಿ., ಬಿ.ಫಾರ್ಮಾ ಓದಿದವರಿಗೆ ಔಷಧ ಕಾರ್ಖಾನೆ ಹೈದರಾಬಾದಿನಲ್ಲಷ್ಟೇ ಇರುತ್ತದೆ ಎಂದು ಭಾವಿಸುವವರು ಹೆದ್ದಾರಿಯ ಬದಿಯ ಈ ಫಲಕವನ್ನು ಗಮನಿಸಬೇಕು.

ಘಟಪ್ರಭಾದ ಆರೋಗ್ಯ ಸಂಸ್ಥೆಗಳನ್ನೂ ಮರೆಯುವಂತಿಲ್ಲ. ಸೇವಾದಳದ ಡಾ. ನಾ. ಸು. ಹರ್ಡೀಕರ್, ಡಾ. ಕೊಕಟನೂರ ಮೊದಲಾದವರು ಸ್ವಾತಂತ್ರ್ಯಪೂರ್ವದಲ್ಲೇ ಕಟ್ಟಿದ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್, ಹಾಗೆಯೇ ಊರಿನ ಜೆ.ಜಿ. ಸಹಕಾರಿ ಆಸ್ಪತ್ರೆ ಈ ಎರಡೂ ಸಣ್ಣ ರೈಲ್ವೆ ಊರೊಂದನ್ನು ರೋಗಿಗಳ ಭರವಸೆಯ ತಾಣವಾಗಿಸಿದವು. ನರ್ಸಿಂಗ್, ಲ್ಯಾಬ್ ತಂತ್ರಜ್ಞರ ಓದು ಮುಗಿಸಿದವರಿಗೆ ಆಸ್ಪತ್ರೆಯೂ ಒಂದು ಉದ್ಯೋಗದಾತನೇ.

ಕರದಂಟು, ಗೊಂಬೆ, ಬೆಲ್ಲ

ದೊಡ್ಡ ಕಾರ್ಖಾನೆಗಳ ನಡುವೆ ಸಣ್ಣ ಉದ್ಯಮಗಳ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ಗೋಕಾಕ ಎಂದರೆ ನಾಡಿನ ಜನಕ್ಕೆ ಮೊದಲು ನೆನಪಾಗುವುದು ಕರದಂಟು. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳನ್ನು ಬೆಲ್ಲದ ಪಾಕದಲ್ಲಿ ಕೂಡಿಸಿದ ಈ ತಿನಿಸು ಒಂದು ಕಾಲಕ್ಕೆ ಬಾಣಂತಿಯರ ಮತ್ತು ಪೈಲವಾನರ ಆಹಾರ. ಇಂದು ಅದು ಡಬ್ಬಿಯಲ್ಲಿ ಕೂತು ಬಸ್ಸು, ಕೊರಿಯರ್‌ಗಳ ಮೂಲಕ ದೂರದ ನಗರಗಳಿಗೆ ಹೋಗುತ್ತದೆ. ಸಕ್ಕರೆ ಕಾರ್ಖಾನೆಗೆ ಕೋಟಿಗಟ್ಟಲೆ ಬಂಡವಾಳ ಬೇಕು. ಕರದಂಟಿಗೆ ಬೇಕಾದದ್ದು ಕೈಹದ, ಶುಚಿ ಮತ್ತು ನಂಬಿಕೆ. ಜೊತೆಗೆ ಈಗ ಆಹಾರ ಸುರಕ್ಷತೆಯ ಪರವಾನಗಿ, ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ, ಎಷ್ಟು ದಿನ ಬಾಳುತ್ತದೆಂಬ ವಿವರ ಇವೂ ಬೇಕು. ಆಹಾರ ವಿಜ್ಞಾನ ಓದಿದ ಒಬ್ಬ ಮಗಳು ಮನೆಯ ಇಂಥ ವ್ಯಾಪಾರವನ್ನು ಬೇರೆಯೇ ಮಟ್ಟಕ್ಕೆ ಒಯ್ಯಬಲ್ಲಳು.

ಹಗುರವಾದ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಬಳಿದ ಗೋಕಾಕದ ಹಣ್ಣು ಕಾಯಿ ಗೊಂಬೆಗಳೂ ಹಿಂದೆ ಹೆಸರುವಾಸಿ. ಬಟ್ಟಲಲ್ಲಿಟ್ಟರೆ ನಿಜವಾದ ಹಣ್ಣೆಂದೇ ಮೋಸಹೋಗಬೇಕು. ಆದರೆ ಪ್ಲಾಸ್ಟಿಕ್ ಆಟಿಕೆಯ ಅಗ್ಗದ ಬೆಲೆಯ ಮುಂದೆ ಕೈಕಸುಬು ಸೊರಗಿತು. ಕರದಂಟು ಮಾರುಕಟ್ಟೆಯನ್ನು ಹುಡುಕಿಕೊಂಡಿತು, ಗೊಂಬೆ ಹುಡುಕಿಕೊಳ್ಳಲಿಲ್ಲ. ಎರಡೂ ಒಂದೇ ಊರಿನವು, ಎರಡರಲ್ಲೂ ಕೌಶಲವಿತ್ತು. ಕೌಶಲದ ಜೊತೆ ಮಾರುವ ಜಾಣ್ಮೆಯೂ ಬೇಕು ಎಂಬುದನ್ನು ವಾಣಿಜ್ಯ ವಿದ್ಯಾರ್ಥಿಗಳು ಇಲ್ಲಿ ಕಾಣಬಹುದು.

ಬೆಲ್ಲಕ್ಕೂ ಹೊಸ ಕಾಲ ಬಂದಿದೆ. 2020ರಲ್ಲಿ ಕೇಂದ್ರ ಸರಕಾರ ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಆರಂಭಿಸಿದ ಯೋಜನೆಯಲ್ಲಿ ಪ್ರತಿ ಜಿಲ್ಲೆಗೂ ಒಂದೊಂದು ಉತ್ಪನ್ನ ಗೊತ್ತುಮಾಡಿದಾಗ ಬೆಳಗಾವಿ ಜಿಲ್ಲೆಗೆ ಸಂದದ್ದು ಬೆಲ್ಲವೇ. ಪುಡಿಬೆಲ್ಲ, ಅಚ್ಚುಬೆಲ್ಲ, ರಾಸಾಯನಿಕ ಬೆರೆಸದ ಬೆಲ್ಲಕ್ಕೆ ನಗರಗಳಲ್ಲಿ ಗಿರಾಕಿ ಇದ್ದಾರೆ.

ಗುರ್ಲಾಪುರ ಕ್ರಾಸ್ ಹೇಳುವ ಮಾತು

ಎಲ್ಲವೂ ಸಿಹಿ ಎಂದುಕೊಳ್ಳುವಂತಿಲ್ಲ. ಗೋಕಾಕದಿಂದ ಬೇರ್ಪಟ್ಟು 2017-18ರಲ್ಲಿ ಹೊಸ ತಾಲೂಕಾದ ಮೂಡಲಗಿಯ ಗುರ್ಲಾಪುರ ಕ್ರಾಸ್‌ನಲ್ಲಿ 2025ರ ಅಕ್ಟೋಬರ್ ಕೊನೆಯಲ್ಲಿ ಸಾವಿರಾರು ರೈತರು ರಸ್ತೆಯಲ್ಲೇ ಕುಳಿತರು. ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಎಂಬುದು ಅವರ ಬೇಡಿಕೆ. ಕಾರ್ಖಾನೆಗಳ ಹಂಗಾಮು ನಿಂತಿತು. ಶಾಲಾ ಕಾಲೇಜು ವಿದ್ಯಾರ್ಥಿಗಳೂ ಧರಣಿಯ ಕಡೆ ನಡೆದರು. ಕೊನೆಗೆ ನವೆಂಬರ್ ಮೊದಲ ವಾರ ಕಳೆಯುವ ಹೊತ್ತಿಗೆ ರಾಜ್ಯ ಸರಕಾರ ಮಧ್ಯೆ ಬಂದು, ಶೇ. 11.25ರ ಇಳುವರಿಗೆ ಕಟಾವು ಮತ್ತು ಸಾಗಣೆ ವೆಚ್ಚ ಬಿಟ್ಟು 3,300 ರೂಪಾಯಿ ಎಂದು ಪ್ರಕಟಿಸಿದ ಮೇಲೆ ಹೋರಾಟ ನಿಂತಿತು.

ಎಕರೆಗೆ 40 ಟನ್ ಬೆಳೆದ ರೈತನಿಗೆ ಟನ್ನಿಗೆ 200 ರೂಪಾಯಿ ವ್ಯತ್ಯಾಸವೆಂದರೆ 8,000 ರೂಪಾಯಿ. ಎರಡು ಎಕರೆಯ ಮನೆಗೆ ಅದು ಮಗನ ಹಾಸ್ಟೆಲ್ಲಿನ ಖರ್ಚು. ಇತ್ತ ಕಾರ್ಖಾನೆಗಳಿಗೂ ಅವುಗಳದೇ ಲೆಕ್ಕವಿದೆ. ಸಕ್ಕರೆಯ ಮಾರಾಟ ದರ, ಎಥೆನಾಲ್ ಖರೀದಿಯ ಪ್ರಮಾಣ ಎರಡರ ಮೇಲೂ ದಿಲ್ಲಿಯ ತೀರ್ಮಾನಗಳ ಹಿಡಿತವಿದೆ. ಕಬ್ಬು ಪಡೆದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಉಳಿದಾಗ ಅಂಗಡಿಯ ಉದ್ರಿ, ಸೊಸೈಟಿಯ ಸಾಲ, ಕಾಲೇಜಿನ ಶುಲ್ಕ ಎಲ್ಲವೂ ಅದರ ಹಿಂದೆ ಬಾಕಿಯಾಗುತ್ತವೆ. ಕಬ್ಬಿನ ಬಿಲ್ಲು ಬಂದ ವಾರ ಈ ಊರುಗಳ ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಟ್ರ್ಯಾಕ್ಟರ್ ಶೋರೂಮುಗಳಲ್ಲಿ ಕಾಣುವ ಕಳೆಯೇ ಬೇರೆ!

ಹಂಗಾಮಿನ ಕೆಲಸದ ಸ್ವಭಾವವನ್ನೂ ಪಾಲಕರು ತಿಳಿದಿರಬೇಕು. ಕಬ್ಬು ನುರಿಸುವುದು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಿಂದ ಮಾರ್ಚ್-ಏಪ್ರಿಲ್ ತನಕ. ಕಾಯಂ ನೌಕರರನ್ನು ಬಿಟ್ಟರೆ ಅನೇಕರಿಗೆ ಉಳಿದ ತಿಂಗಳುಗಳಲ್ಲಿ ಪೂರ್ಣ ಪಗಾರ ಇರುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗುಗಳದ್ದಂತೂ ಇನ್ನೂ ಕಷ್ಟದ ಬಾಳು. ಹೊರಗಿನಿಂದ ಬಂದು ಗುಡಿಸಲು ಹಾಕಿಕೊಂಡು ಊರಿಂದೂರಿಗೆ ಸಾಗುವ ಆ ಕುಟುಂಬಗಳ ಮಕ್ಕಳ ಶಾಲೆ ನಡುವರ್ಷದಲ್ಲೇ ಕಡಿದು ಹೋಗುತ್ತದೆ. ಇಡೀ ಸೀಮೆಯ ಸಕ್ಕರೆ ನಿಂತಿರುವುದು ಅವರ ಕುಡುಗೋಲಿನ ಮೇಲೆ ಎಂಬುದನ್ನು ಮರೆಯಬಾರದು.

ನೀರು ಕೊಟ್ಟ ನದಿ ಮುನಿದದ್ದೂ ಉಂಟು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ಉಕ್ಕಿ ಗೋಕಾಕ ಪಟ್ಟಣದ ಪೇಟೆಗಳಲ್ಲೇ ನೀರು ನಿಂತಿತು, ಲೋಳಸೂರ ಸೇತುವೆ ಮುಳುಗಿತು. ಅಂಗಡಿಯ ಮಾಲು, ಹೊಲದ ಕಬ್ಬು ಎರಡೂ ಒಂದೇ ವಾರದಲ್ಲಿ ಹಾಳಾದವು. ಒಂದೇ ನದಿ, ಒಂದೇ ಬೆಳೆ ನಂಬಿದ ಆರ್ಥಿಕತೆಯ ಅಪಾಯ ಆಗ ಎಲ್ಲರಿಗೂ ಅರಿವಾಯಿತು.

ಹಾಗಾದರೆ ಏನು ಓದಬೇಕು?

ಊರಲ್ಲೇ ಇರಬೇಕೆಂದು ಯಾರನ್ನೂ ಕಟ್ಟಿಹಾಕುವಂತಿಲ್ಲ. ಊರು ಬಿಟ್ಟರೇ ಬಾಳು ಎಂದು ನಂಬುವುದೂ ಸರಿಯಲ್ಲ. ಎರಡಕ್ಕೂ ಒದಗುವ ಓದನ್ನು ಆರಿಸಿಕೊಳ್ಳುವುದು ಜಾಣತನ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಸಕ್ಕರೆ ತಂತ್ರಜ್ಞಾನದ ಕೋರ್ಸುಗಳಿವೆ. ಅಲ್ಲಿ ಕಲಿತದ್ದು ಸಂಕೇಶ್ವರದಲ್ಲೂ ನಡೆಯುತ್ತದೆ, ಕೊಲ್ಲಾಪುರದಲ್ಲೂ ನಡೆಯುತ್ತದೆ, ಕಬ್ಬು ಬೆಳೆಯುವ ಬೇರೆ ದೇಶಗಳಲ್ಲೂ ನಡೆಯುತ್ತದೆ. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಮನೆಯ ಬಾಗಿಲಲ್ಲೇ ಇದೆ. ಕಬ್ಬಿನ ಜೊತೆಗೆ ತರಕಾರಿ, ಹಣ್ಣು, ಹೂವು, ಅರಿಸಿನ ಬೆಳೆಯುವ ದಾರಿಯನ್ನು ಈ ಸೀಮೆಗೆ ತೋರಿಸಬೇಕಾದವರು ಅಲ್ಲಿ ಓದಿದ ಮಕ್ಕಳೇ.

ಐಟಿಐ ಮತ್ತು ಡಿಪ್ಲೊಮಾವನ್ನು ಕೀಳಾಗಿ ಕಾಣುವ ಪಾಲಕರು ಇನ್ನೂ ಇದ್ದಾರೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಬಾಯ್ಲರ್ ಅಟೆಂಡೆಂಟ್ ಇಲ್ಲದೆ ಯಾವ ಕಾರ್ಖಾನೆಯೂ ಒಂದು ಪಾಳಿ ನಡೆಯದು. 1961ರ ಅಪ್ರೆಂಟಿಸ್ ಕಾಯಿದೆ ಮತ್ತು ಅದರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಕಲಿಯುವಾಗಲೇ ಭತ್ಯೆ, ಮುಗಿದ ಮೇಲೆ ಅನುಭವದ ಪ್ರಮಾಣಪತ್ರ. ಇದನ್ನು ಕೇಳಿ ಪಡೆಯುವುದು ವಿದ್ಯಾರ್ಥಿಗಳ ಹಕ್ಕು.

ಕೆಲಸಕ್ಕೆ ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳೂ ಇವೆ. ಕೆಲಸ ಕಾಯಂ ಆದದ್ದೋ, ಹಂಗಾಮಿನದೋ, ಗುತ್ತಿಗೆದಾರನ ಮೂಲಕವೋ? ಭವಿಷ್ಯ ನಿಧಿ, ಇಎಸ್‌ಐ ಕಟ್ಟುತ್ತಾರೆಯೇ? ನೇಮಕಾತಿ ಪತ್ರ ಕೈಗೆ ಕೊಡುತ್ತಾರೆಯೇ? ಪರಿಚಯದವರ ಶಿಫಾರಸಿನಿಂದ ಸಿಕ್ಕ ಕೆಲಸವೆಂದು ಇವನ್ನು ಕೇಳಲು ಸಂಕೋಚಪಟ್ಟವರು ನಂತರ ಕಷ್ಟಪಡುತ್ತಾರೆ.

ಈ ಬೇಸಿಗೆಯ ರಜೆಯಲ್ಲಿ ಪಾಲಕರು ಮಕ್ಕಳನ್ನು ಕರೆದುಕೊಂಡು ಗೋಕಾಕ ಜಲಪಾತ ನೋಡಲು ಹೋಗಲಿ. ತೂಗುಸೇತುವೆಯ ಮೇಲೆ ನಿಂತು ನೀರನ್ನಷ್ಟೇ ನೋಡಿ ಬರಬಾರದು. ಪಕ್ಕದಲ್ಲಿರುವ ಗಿರಣಿಯ ಹಳೆಯ ಗೋಡೆಗಳನ್ನೂ ತೋರಿಸಿ, ಅದು ಇಲ್ಲಿಗೇ ಏಕೆ ಬಂತು ಎಂದು ಕೇಳಲಿ. ಉತ್ತರ ಕೊಡಬಲ್ಲ ಮಗು ಮುಂದೆ ತನ್ನ ಊರಿಗೆ ಯಾವ ಉದ್ಯಮ ಬರಬೇಕು ಎಂದೂ ಯೋಚಿಸಬಲ್ಲದು.